ಆಡು ಹತ್ತಿದ ಕೊಪ್ಪರಿಗೆ

"ಕೊಪ್ಪರಿಗೆ ಕದ್ದು ಗುಜ್ರಿಗೆ ಹಾಕ್ದೋನ್ಗೆ ಪಾಯ್ಸ ಬೇರೆ ಕೇಡು. ಮೇಲಕ್ಕೇಳ್ಲಾ."

ಮಠದ ಪಂಕ್ತಿಯಲ್ಲಿ ಅರವತ್ತು ಜನ ಊಟಕ್ಕೆ ಕೂತಿದ್ದರು. ಅರವತ್ತು ಕೈಗಳೂ ಅನ್ನದ ಮೇಲೆ ನಿಂತವು. ಹೀಗೆ ಹೇಳಿದವರು ರೇವಣಸಿದ್ದಯ್ಯ, ಮಠದ ಅಡುಗೆಮನೆಯ ಯಜಮಾನರು. ಅವರ ಒಂದು ಕೈಯಲ್ಲಿ ಸೌಟು, ಇನ್ನೊಂದು ಕೈಯಲ್ಲಿ ಪಾಯಸದ ಬಕೆಟ್ಟು. ಬಕೆಟ್ಟು ಬೆಟ್ಟಸ್ವಾಮಿಯ ಎಲೆಯನ್ನು ದಾಟಿ ಪಕ್ಕದ ಎಲೆಗೆ ಹೋಯಿತು.

ಬೆಟ್ಟಸ್ವಾಮಿಗೆ ಹನ್ನೊಂದು ವರ್ಷ. ಆರನೇ ಕ್ಲಾಸು. ಉತ್ತರ ಕೊಡಬೇಕೆಂದು ಬಾಯಿ ತೆರೆದ. ಬಾಯಲ್ಲಿ ಅನ್ನವಿತ್ತು. ಅದನ್ನು ನುಂಗುವಷ್ಟರಲ್ಲಿ ಹೇಳಬೇಕಾಗಿದ್ದ ಮಾತೂ ಅದರ ಜೊತೆಗೇ ಹೊಟ್ಟೆಗೆ ಇಳಿಯಿತು. ಅವನು ಎಲೆ ಮಡಚಿ ಎದ್ದ. ಯಾರೂ ಕೂರು ಅನ್ನಲಿಲ್ಲ. ಅರವತ್ತು ಜನಕ್ಕೂ ಪಾಯಸ ಬೇಕಾಗಿತ್ತು.

ನಿಜವಾಗಿ ಆಗಿದ್ದು ಇಷ್ಟು.

ಸಿ.ಎಸ್. ಪುರದ ಹತ್ತಿರ, ಹುಣಸೆಕಟ್ಟೆ ಎಂಬ ಸಣ್ಣ ಕೆರೆಯ ದಡದ ಅದೇ ಹೆಸರಿನ ಊರಲ್ಲಿ ಆ ಚಿಕ್ಕ ಮಠ ಇದೆ. ಮಠಕ್ಕೊಂದು ತಾಮ್ರದ ಕೊಪ್ಪರಿಗೆ. ಒಂದೇ ಸಲಕ್ಕೆ ಮುನ್ನೂರು ಜನಕ್ಕೆ ಅನ್ನ ಬೇಯುವಂಥದ್ದು. ಅದರೊಳಗೆ ನಾಲ್ಕು ಮಕ್ಕಳು ಚಕ್ಕಂಬಕ್ಕಳ ಹಾಕಿ ಕೂರಬಹುದು. ಬೆಟ್ಟಸ್ವಾಮಿಯ ಅವ್ವ ಮಂಗಳಗೌರಿ ಮಠದ ಪಾತ್ರೆ ತೊಳೆಯುವ ಕೆಲಸ ಮಾಡುತ್ತಿದ್ದಳು. ಕೊಪ್ಪರಿಗೆ ಉಜ್ಜುವುದಕ್ಕೆ ಒಬ್ಬರ ಕೈ ಸಾಲದು. ಅದಕ್ಕೇ ಭಾನುವಾರ ಸಂಜೆ ಇವನೂ ಕೈ ಹಾಕಿದ್ದ.

ಆ ಮಠದಲ್ಲಿ ಒಂದು ಕಟ್ಟುಪಾಡು. ಅನ್ನ ಬೇಯಿಸುವ ಕೊಪ್ಪರಿಗೆಯನ್ನು ಎಂದೂ ಬೋರಲು ಹಾಕುವಂತಿಲ್ಲ. ಹಾಕಿದರೆ ಊರಿನ ಊಟವೇ ಬೋರಲಾಗುತ್ತದಂತೆ. ಅದಕ್ಕೇ ತಳದ ಮಸಿ ನೆನೆಯಲಿ ಎಂದು ಅದನ್ನು ಕಟ್ಟೆಯ ಕೊನೆಯ ಮೆಟ್ಟಿಲಿನ ಮೇಲೆ ನೀರಿಗೆ ತಾಗಿಸಿ, ಬಾಯಿ ಮೇಲೆ ಮಾಡಿ ಇಟ್ಟು ಬಂದರು. ರಾತ್ರಿ ಮಳೆ ಬಂತು. ಕಟ್ಟೆಯ ನೀರು ಎರಡು ಮೆಟ್ಟಿಲು ಏರಿತು.

ಸೋಮವಾರ ಬೆಳಗ್ಗೆ ಸ್ಕೂಲಿಗೆ ಹೊರಟ ಬೆಟ್ಟಸ್ವಾಮಿ ಕಟ್ಟೆಯ ಏರಿ ಮೇಲೆ ನಿಂತುಬಿಟ್ಟ. ಕೊಪ್ಪರಿಗೆ ಕಟ್ಟೆಯ ನಡುವೆ ತೇಲಿಕೊಂಡು ಹೋಗುತ್ತಿತ್ತು. ಅದರೊಳಗೆ ಒಂದು ಆಡು ನಿಂತಿತ್ತು.

ಅದು ಸಿದ್ದಗಂಗಮ್ಮನ ಆಡು. ಉಜ್ಜಿದರೂ ಬಿಡದೆ ಕೊಪ್ಪರಿಗೆಯ ತಳಕ್ಕೆ ಅಂಟಿದ ಸೀದ ಅನ್ನದ ಸೀಕು ತಿನ್ನಲು ಒಳಗೆ ಹಾರುವುದು ಅದರ ಹಳೇ ಚಾಳಿ. ಅವತ್ತು ಹಾರಿದ ರಭಸಕ್ಕೆ ಕೊಪ್ಪರಿಗೆ ಮೆಟ್ಟಿಲು ಬಿಟ್ಟು ಹೊರಟಿದೆ, ಆಡಿಗೆ ಗೊತ್ತಾಗಿಲ್ಲ. ತಿಂದು ಮುಗಿಸಿ ತಲೆ ಎತ್ತಿತು. ನಾಲ್ಕೂ ಕಡೆ ನೀರು. ಒಂದು ಸಲ "ಮ್ಯಾ" ಅಂದು ಹಾರಿತು. ಕೊಪ್ಪರಿಗೆ ವಾಲಿ, ಒಂದು ಗುಟುಕು ನೀರು ಕುಡಿದು, ಗುಳುಂ ಅಂದು ಹೋಯಿತು. ಆಡು ಈಜಿ ದಡ ಸೇರಿ, ಮೈ ಕೊಡವಿ, ಏನೂ ಆಗದವರ ಹಾಗೆ ಹುಲ್ಲು ಮೇಯತೊಡಗಿತು.

ಬೆಟ್ಟಸ್ವಾಮಿ ಓಡಿ ಬಂದು ಕಂಡದ್ದನ್ನು ಕಂಡ ಹಾಗೇ ಹೇಳಿದ. ಅದೇ ಅವನು ಮಾಡಿದ ತಪ್ಪು. ಆಡನ್ನು ಬಿಟ್ಟು ಹೇಳಿದ್ದರೆ ನಂಬುತ್ತಿದ್ದರೋ ಏನೋ. ಆದರೆ ಆಡು ಇತ್ತಲ್ಲ.

ಅಷ್ಟು ಭಾರದ ತಾಮ್ರ ಎಲ್ಲಾದರೂ ತೇಲುತ್ತದೆಯೇ ಎಂದು ರೇವಣಸಿದ್ದಯ್ಯ ಕೇಳಿದರು. ಕಬ್ಬಿಣದ ಹಡಗು ತೇಲುತ್ತದಲ್ಲ ಎಂದ ಬೆಟ್ಟಸ್ವಾಮಿ. ಎಲ್ಲರೂ ನಕ್ಕರು. ದೊಡ್ಡವರಿಗೆ ಒಂದು ಕಾಯಿಲೆ ಇದೆ. ಮಕ್ಕಳು ಸರಿಯಾದ ಮಾತು ಆಡಿದಾಗ ಅವರಿಗೆ ನಗು ಬರುತ್ತದೆ.

ಆದರೂ ಹುಡುಕುವ ಶಾಸ್ತ್ರ ಆಯಿತು. ಸಿದ್ದಗಂಗಮ್ಮನ ಮನೆಯಲ್ಲಿ ಪಾತಾಳಗರಡಿ ಇತ್ತು. ಬಾವಿಗೆ ಬಿದ್ದ ಬಿಂದಿಗೆ ಎತ್ತಲು ಹಗ್ಗಕ್ಕೆ ಕಟ್ಟಿ ಇಳಿಬಿಡುವ ಕೊಕ್ಕೆಗಳ ಗೊಂಚಲು ಅದು. ಅದನ್ನು ಸುಮ್ಮನೆ ಯಾರೂ ಕೊಡುವುದಿಲ್ಲ, ಬದಲಿಗೆ ಒಂದು ಪಾತ್ರೆ ಅಡ ಇಟ್ಟುಕೊಳ್ಳುವುದು ಪದ್ಧತಿ. ಮಠದ ಹಿತ್ತಾಳೆ ಚೊಂಬನ್ನು ಅಡ ಇಟ್ಟುಕೊಂಡು ಸಿದ್ದಗಂಗಮ್ಮ ಗರಡಿ ಕೊಟ್ಟಳು. ಎರಡು ದಿನ ಮೆಟ್ಟಿಲ ಹತ್ತಿರವೇ ಎಳೆದಾಡಿದರು. ಒಂದು ಸೀರೆ ಸಿಕ್ಕಿತು, ಒಂಟಿ ಚಪ್ಪಲಿ ಸಿಕ್ಕಿತು. ಬುಧವಾರ ಹಗ್ಗ ಹರಿದು ಪಾತಾಳಗರಡಿಯೇ ಪಾತಾಳ ಸೇರಿತು. ಚೊಂಬು ವಾಪಸ್ ಇಲ್ಲ ಎಂದು ಸಿದ್ದಗಂಗಮ್ಮ ಬಾಗಿಲು ಹಾಕಿಕೊಂಡಳು.

ಕೊಪ್ಪರಿಗೆ ನೀರಲ್ಲಿಲ್ಲ ಎಂದು ತೀರ್ಮಾನವಾಯಿತು. ನೀರಲ್ಲಿಲ್ಲ ಅಂದ ಮೇಲೆ ಗುಜರಿಯಲ್ಲೇ ಇರಬೇಕು. ಗುರುವಾರ ಪಾಯಸ ಬೆಟ್ಟಸ್ವಾಮಿಯನ್ನು ದಾಟಿ ಹೋಯಿತು.

ಅವನು ಮನೆಗೆ ಬಂದಾಗ ಅವ್ವ ಹೊಸಿಲ ಮೇಲೆ ಕೂತಿದ್ದಳು. ಪಾತ್ರೆ ಉಜ್ಜುವ ತೆಂಗಿನ ನಾರು ಪಕ್ಕದಲ್ಲಿ ಒಣಗಿ ಬಿದ್ದಿತ್ತು. ಕೊಪ್ಪರಿಗೆ ಸಿಗುವವರೆಗೆ ಕೆಲಸಕ್ಕೆ ಬರಬೇಡ ಅಂದಿದ್ದರಂತೆ. ಅವಳು ಬಯ್ಯಲಿಲ್ಲ. ಅವನ ಮುಖ ನೋಡದೆ ಕೇಳಿದಳು.

"ನಿಜ ಹೇಳು ಮಗ. ಆಡು ಇತ್ತಾ?"

ರೇವಣಸಿದ್ದಯ್ಯನ ಮಾತಿಗಿಂತ ಇದು ಜಾಸ್ತಿ ಉರಿಯಿತು.

ಮಾರನೇ ದಿನ ಬೆಳಗ್ಗೆ ಬೆಟ್ಟಸ್ವಾಮಿ ಕಟ್ಟೆಗೆ ಹೋದ. ಅವನ ಕ್ಲಾಸಿನ ಕೋಮಲಾ ತನ್ನ ಅಪ್ಪನ ಮೊಬೈಲಿನಲ್ಲಿ ಒಂದು ವಿಡಿಯೋ ತೋರಿಸಿದ್ದಳು. ಹಡಗು ನೀರಿನೊಳಗೆ ಸೌಂಡ್ ಬಿಡುತ್ತದೆ, ಅದು ಸಬ್‌ಮೆರೀನಿಗೆ ಬಡಿದು ವಾಪಸ್ ಬರುತ್ತದೆ. ಅದರ ಹೆಸರು ಸೋನಾರ್. ಬೆಟ್ಟಸ್ವಾಮಿ ಮೆಟ್ಟಿಲ ಮೇಲೆ ಬಕ್ಕಬೋರಲು ಮಲಗಿ, ತಲೆಯನ್ನು ನೀರಿನೊಳಗೆ ತೂರಿಸಿ, "ಕೊಪ್ಪರಿಗೇ" ಎಂದು ಕೂಗಿದ. ಗುಳ್ಳೆ ಎದ್ದವು. ಮತ್ತೆ ಕೂಗಿದ. ಬಟ್ಟೆ ಒಗೆಯುತ್ತಿದ್ದ ಹೆಂಗಸರು ಕೈ ನಿಲ್ಲಿಸಿ ನೋಡಿದರು. ಕದ್ದ ಪಾಪಕ್ಕೆ ಹುಡುಗನ ತಲೆ ಕೆಟ್ಟಿದೆ ಎಂದು ಒಬ್ಬಳು ಹೇಳಿದಳು. ಇನ್ನೊಬ್ಬಳು ನಿಂಬೆಹಣ್ಣು ತಿಕ್ಕಬೇಕು ಅಂದಳು.

ಏರಿಯ ಮೇಲೆ ಟಿವಿಎಸ್ ಗಾಡಿಯೊಂದು ನಿಂತಿತು. ಅದು ರುದ್ರಯ್ಯನದು. ಅವರು ಸಿ.ಎಸ್. ಪುರದಲ್ಲಿ ಬೋರ್‌ವೆಲ್ ಮೋಟಾರಿಗೆ ವೈಂಡಿಂಗ್ ಮಾಡುವ ಅಂಗಡಿ ಇಟ್ಟಿದ್ದರು. ಕೆಟ್ಟ ಮೋಟಾರಿಗೆ ಕಿವಿಯಿಟ್ಟು, ಬೇರಿಂಗ್ ಹೋಗಿದೆಯೋ ಇಲ್ಲವೋ ಎಂದು ಬಿಚ್ಚದೆಯೇ ಹೇಳುತ್ತಿದ್ದರು.

"ಏನ್ಲಾ ಮಾಡ್ತಿದೀಯ?"

"ಸೋನಾರ್."

ಅವರು ನಗಲಿಲ್ಲ. ಗಾಡಿಗೆ ಸ್ಟ್ಯಾಂಡ್ ಹಾಕಿ ಇಳಿದು ಬಂದರು. "ವಾಪಸ್ ಬಂತಾ?"

"ಇಲ್ಲ. ಮೂಗಿಗೆ ನೀರು ಬಂತು."

ಆ ಮೇಲೆ ಬೆಟ್ಟಸ್ವಾಮಿಗೆ ಗೊತ್ತಾಯಿತು, ರುದ್ರಯ್ಯ ಹದಿನೈದು ವರ್ಷ ನೇವಿಯಲ್ಲಿ ಇದ್ದದ್ದು ಈ ಸೋನಾರಿನ ಕೆಲಸದಲ್ಲೇ. ಕಿಟಕಿಯೇ ಇಲ್ಲದ ಕೋಣೆಯಲ್ಲಿ ಕಿವಿಗೆ ಹೆಡ್‌ಫೋನ್ ಹಾಕಿ ಕೂರುವುದು. ಸಮುದ್ರದ ಮೇಲೆ ಹದಿನೈದು ವರ್ಷ ಇದ್ದರೂ ಸಮುದ್ರಕ್ಕಿಂತ ಕುಣಿಗಲ್ ಕೆರೆಯನ್ನೇ ಅವರು ಜಾಸ್ತಿ ನೋಡಿದ್ದು. ಊರಿಗೆ ಬಂದಾಗ ಜನ, ಎಷ್ಟು ಸಬ್‌ಮೆರೀನ್ ಹಿಡಿದೆ ಎಂದು ಕೇಳಿದರಂತೆ. ಒಂದೂ ಇಲ್ಲ ಅಂದರು. ಅವತ್ತಿನಿಂದ ಊರಲ್ಲಿ ಅವರ ಹೆಸರು ಖಾಲಿ ರುದ್ರಯ್ಯ. ಯುದ್ಧವೇ ಆಗದಿದ್ದರೆ ಅವರು ಯಾರನ್ನು ಹಿಡಿಯಬೇಕಿತ್ತು ಎಂದು ಯಾರೂ ಕೇಳಲಿಲ್ಲ.

ಅವತ್ತು ಸಂಜೆ ಅಂಗಡಿಯಲ್ಲಿ ತಾಮ್ರದ ತಂತಿ ಸುತ್ತುತ್ತಾ ರುದ್ರಯ್ಯ ಪಾಠ ಮಾಡಿದರು. ನೀರಿನೊಳಗೆ ಬೆಳಕು ಸ್ವಲ್ಪ ದೂರಕ್ಕೇ ಸುಸ್ತಾಗುತ್ತದೆ. ರೇಡಿಯೋ ಅಲೆಯೂ ಸಾಯುತ್ತದೆ. ಶಬ್ದ ಮಾತ್ರ ಹೋಗುತ್ತದೆ, ಗಾಳಿಯಲ್ಲಿ ಹೋಗುವುದಕ್ಕಿಂತ ನಾಲ್ಕು ಪಟ್ಟು ವೇಗವಾಗಿ. ಸೆಕೆಂಡಿಗೆ ಒಂದೂವರೆ ಕಿಲೋಮೀಟರ್.

"ಪಿಂಗ್ ಅಂತ ಬಿಟ್ವಿ. ಎರಡು ಸೆಕೆಂಡಿಗೆ ವಾಪಸ್ ಬಂತು. ಸಬ್‌ಮೆರೀನ್ ಎಷ್ಟು ದೂರ?"

"ಮೂರು ಕಿಲೋಮೀಟರ್."

"ಹೋಗಿದ್ದಷ್ಟೇ ಲೆಕ್ಕ ಹಾಕ್ಲಾ. ಬಂದಿದ್ದೂ ಸೇರ್ಕಂಡಿದೆ."

"ಹಂಗಾದ್ರೆ ಒಂದೂವರೆ."

ಸರಿ ಅಂದರು ರುದ್ರಯ್ಯ. ಆದರೆ ಹುಣಸೆಕಟ್ಟೆ ಇರುವುದು ನೂರು ಹೆಜ್ಜೆ ಅಗಲ. ಅಲ್ಲಿ ಕೂಗಿದರೆ, ಬಾಯಿ ಮುಚ್ಚುವುದಕ್ಕೆ ಮೊದಲೇ ಶಬ್ದ ಹೋಗಿ ಬಂದಿರುತ್ತದೆ. ಹಡಗಿನಲ್ಲಾದರೆ ಅದನ್ನು ಎಣಿಸಲು ಮಿಷನ್ ಇದೆ. ಬೆಟ್ಟಸ್ವಾಮಿಗೆ ಇರುವುದು ಎರಡು ಕಿವಿ.

ಇನ್ನೊಂದು ದಾರಿ ಉಂಟು. ಅದೇ ದೊಡ್ಡ ಕೆಲಸ. ಸುಮ್ಮನಿದ್ದು ಕೇಳಿಸಿಕೊಳ್ಳುವುದು. ಸಬ್‌ಮೆರೀನಿನ ಹಿಂದೆ ಫ್ಯಾನ್ ತಿರುಗುತ್ತದೆ, ಒಳಗೆ ಮೋಟಾರ್ ಓಡುತ್ತದೆ. ಆ ಸದ್ದು ಕೇಳಿಯೇ ಅದು ಯಾವ ಜಾತಿಯದು ಎಂದು ಹೇಳಬಹುದಂತೆ. ಸಮುದ್ರದೊಳಗೆ ಗಲಾಟೆಯೂ ಬೇಕಾದಷ್ಟು. ಸೀಗಡಿಗಳ ಗುಂಪು ಒಗ್ಗರಣೆಗೆ ಸಾಸಿವೆ ಹಾಕಿದ ಹಾಗೆ ಚಟಪಟ ಅನ್ನುತ್ತದೆ. ತಿಮಿಂಗಿಲ ಹಾಡುತ್ತದೆ. ಅದರ ನಡುವೆ ಒಂದು ಸಣ್ಣ ಗುಂಯ್ ಹುಡುಕಬೇಕು.

"ಪಿಂಗ್ ಬಿಡೋನು ತಾನೆಲ್ಲಿದೀನಿ ಅಂತ ತಾನೇ ಡಂಗುರ ಹೊಡ್ಕಂಡಂಗೆ ಕಣೋ" ಅಂದರು ರುದ್ರಯ್ಯ. "ಅದಕ್ಕೇ ಕೆಳಗಿರೋರು ಒಂದು ಚಮಚಾನೂ ಬೀಳಿಸಲ್ಲ. ಮೇಲಿಂದ ಎಷ್ಟು ಪಿಂಗ್ ಬಂದ್ರೂ ಉತ್ತರ ಕೊಡಲ್ಲ."

"ಅಷ್ಟೊಂದು ಹೆದ್ರಿಕೆನಾ ಅವ್ರಿಗೆ?"

ರುದ್ರಯ್ಯ ತಂತಿ ಸುತ್ತುವುದನ್ನು ನಿಲ್ಲಿಸಿದರು. "ನಾನು ಮೇಲೇ ಇದ್ದೋನು. ಹೇಳ್ತೀನಿ ಕೇಳು, ಪಿಂಗ್ ಬಿಡೋನ್ಗೇ ಹೆದ್ರಿಕೆ ಜಾಸ್ತಿ. ಕೆಳಗೇನಿದೆ ಅಂತ ಅವನ್ಗೆ ಗೊತ್ತಿಲ್ವಲ್ಲ."

ಕೊಪ್ಪರಿಗೆಗೆ ಫ್ಯಾನ್ ಇಲ್ಲ, ಮೋಟಾರ್ ಇಲ್ಲ, ಅದು ಸದ್ದು ಮಾಡುವುದಿಲ್ಲ ಎಂದ ಬೆಟ್ಟಸ್ವಾಮಿ.

"ಹಂಗಾದ್ರೆ ನಾವೇ ಮಾತಾಡಿಸ್ಬೇಕು. ಕಲ್ಲು ಹೊಡ್ಯಾಣ" ಅಂದರು ರುದ್ರಯ್ಯ.

ಶನಿವಾರ ಮಧ್ಯಾಹ್ನ ಸ್ಕೂಲ್ ಬಿಟ್ಟ ಮೇಲೆ ಕೆಲಸ ಶುರುವಾಯಿತು. ರುದ್ರಯ್ಯ ಒಂದು ಪಿವಿಸಿ ಪೈಪು ತಂದು, ಅದರ ಒಂದು ಬಾಯಿಗೆ ಬಲೂನು ಬಿಗಿಯಾಗಿ ಎಳೆದು ಕಟ್ಟಿದರು. ಆ ಬಾಯಿ ನೀರಿಗೆ, ಈ ಬಾಯಿ ಬೆಟ್ಟಸ್ವಾಮಿಯ ಕಿವಿಗೆ. ಕೋಮಲಾ ಚೌಕುಳಿ ಹಾಳೆಯ ಗಣಿತದ ಪುಸ್ತಕದಲ್ಲಿ ಕಟ್ಟೆಯ ಚಿತ್ರ ಬರೆದಳು. ಒಂದು ಚೌಕಕ್ಕೆ ಎರಡು ಹೆಜ್ಜೆ. ಕ್ರಿಕೆಟ್ಟಿನಲ್ಲಿ ಥ್ರೋ ಚೆನ್ನಾಗಿರುವ ಹುಡುಗರು ಏರಿಯ ಮೇಲೆ ಸಾಲಾಗಿ ನಿಂತರು. ಒಬ್ಬೊಬ್ಬರ ಕಾಲ ಬಳಿ ಒಂದೊಂದು ಕಲ್ಲುಗುಡ್ಡೆ.

ಮೊದಲು ಲೋಹದ ಸದ್ದು ಹೇಗಿರುತ್ತದೆ ಎಂದು ಕಿವಿಗೆ ಕಲಿಸಬೇಕಿತ್ತು. ಅದಕ್ಕೊಂದು ಪಾತ್ರೆ ಬೇಕು. ತಮ್ಮ ಮನೆಯ ಪಾತ್ರೆಯನ್ನು ಈ ಕಟ್ಟೆಗೆ ಇಳಿಸಲು ಊರಲ್ಲಿ ಯಾರೂ ಒಪ್ಪಲಿಲ್ಲ. ಕೊನೆಗೆ ಸಿದ್ದಗಂಗಮ್ಮ ಅಡ ಇಟ್ಟುಕೊಂಡಿದ್ದ ಮಠದ ಚೊಂಬು ತಂದಳು. ಆದರೆ ಕೈಬಿಡಲಿಲ್ಲ. ಚೊಂಬಿಗೆ ಹಗ್ಗ ಕಟ್ಟಿ ನೀರಿಗೆ ಬಿಟ್ಟು, ಹಗ್ಗವನ್ನು ತನ್ನ ಸೊಂಟಕ್ಕೆ ಸುತ್ತಿಕೊಂಡು ಮೆಟ್ಟಿಲ ಮೇಲೆ ಕೂತಳು. ಅವಳ ಪಕ್ಕ ಆಡು ಕೂತಿತು. ಹುಡುಗರು ಚೊಂಬಿನ ಮೇಲೆ ಕಲ್ಲು ಬಿಟ್ಟರು. ಕೆಸರಿಗೆ ಬಿದ್ದ ಕಲ್ಲು ಪುಸ್ ಅಂದಿತು. ಕಲ್ಲಿಗೆ ಬಿದ್ದದ್ದು ಟಕ್ ಅಂದಿತು. ಚೊಂಬಿಗೆ ಬಿದ್ದದ್ದು ಬೆಟ್ಟಸ್ವಾಮಿಯ ತಲೆಯೊಳಗೇ ಠಣ್ ಅಂದಿತು. ಅವನು ಬೆಚ್ಚಿಬಿದ್ದ.

ಅಷ್ಟರಲ್ಲಿ ಊರೆಲ್ಲ ಏರಿಯ ಮೇಲೆ ಸೇರಿತ್ತು. ಸದ್ದು ಮಾಡಬೇಡಿ ಎಂದು ಕೋಮಲಾ ಕೈ ಮುಗಿದಳು. ಸದ್ದು ಮಾಡಬೇಡಿ ಎಂಬ ಮಾತನ್ನು ಇನ್ನೂರು ಜನ ಒಬ್ಬರಿಗೊಬ್ಬರು ಹೇಳಿಕೊಂಡರು. ಅದಕ್ಕೇ ಹತ್ತು ನಿಮಿಷ ಹಿಡಿಯಿತು. ಬಟ್ಟೆ ಒಗೆಯುವುದು ನಿಂತಿತು. ಎಮ್ಮೆಗಳನ್ನು ಮೇಲಕ್ಕೆ ಹೊಡೆದರು. ಟ್ರ್ಯಾಕ್ಟರ್ ಓಡಿಸುವ ಗಂಗರಾಜು, ಮುಳುಗಲು ಬಲ್ಲವನು, ಲುಂಗಿ ಕಟ್ಟಿ ತಯಾರಾಗಿ ಕೂತ.

ಕಲ್ಲು ಬೀಳತೊಡಗಿದವು. ಬೆಟ್ಟಸ್ವಾಮಿ ಕಣ್ಣು ಮುಚ್ಚಿ ಕೇಳಿದ. ಪುಸ್. ಪುಸ್. ಟಕ್. ಕೋಮಲಾ ಚೌಕಕ್ಕೊಂದು ಸೊನ್ನೆ ಹಾಕುತ್ತಾ ಹೋದಳು.

ಆದರೆ ಪೈಪಿನಲ್ಲಿ ಇನ್ನೊಂದು ಸದ್ದು ಬರುತ್ತಿತ್ತು. ಟಕ್ ಟಕ್ ಟಕ್, ಬಿಡದೆ. ಕಲ್ಲು ಹೊಡೆಯದೇ ಇದ್ದಾಗಲೂ ಬರುತ್ತಿತ್ತು. ಬೆಟ್ಟಸ್ವಾಮಿ ಕಣ್ಣು ತೆರೆದು ನೋಡಿದ. ರೇವಣಸಿದ್ದಯ್ಯ ಮೆಟ್ಟಿಲ ಮೇಲೆ ನಿಂತು, ಊರುಗೋಲನ್ನು ಕಲ್ಲಿಗೆ ಕುಟ್ಟುತ್ತಾ, ಪಕ್ಕದವರಿಗೆ ತಗ್ಗಿದ ದನಿಯಲ್ಲಿ ಭಾಷಣ ಮಾಡುತ್ತಿದ್ದರು. ಗುಜರಿಯವನನ್ನು ವಿಚಾರಿಸಿದರೆ ಐದು ನಿಮಿಷದ ಕೆಲಸ ಅನ್ನುತ್ತಿದ್ದರು.

ಬೆಟ್ಟಸ್ವಾಮಿ ಅವರ ಕೋಲಿನ ಕಡೆಗೆ ಬೆರಳು ತೋರಿಸಿದ, ಅಷ್ಟೇ.

"ಐನೋರೇ," ಎಂದಳು ಸಿದ್ದಗಂಗಮ್ಮ, ಸೊಂಟದ ಹಗ್ಗ ಬಿಗಿ ಮಾಡಿಕೊಳ್ಳುತ್ತಾ, "ನನ್ನಾಡೇ ಬಾಯಿ ಮುಚ್ಕಂಡ್ ಕೂತದೆ."

ಕೋಲು ನಿಂತಿತು.

ಐದನೇ ಸಾಲಿನಲ್ಲಿ ಠಣ್ ಅಂದಿತು. ಇನ್ನೂರು ಜನ ಉಸಿರು ಹಿಡಿದರು. ಗಂಗರಾಜು ಮುಳುಗಿ, ಕೆಸರು ಮೆತ್ತಿದ ತಗಡೊಂದನ್ನು ಎತ್ತಿ ತಂದ. ತೊಳೆದು ನೋಡಿದರು. "ಈ ಕಟ್ಟೆಯಲ್ಲಿ ಈಜುವುದನ್ನು ನಿಷೇಧಿಸಲಾಗಿದೆ" ಎಂದು ಬರೆದಿತ್ತು. ಗಂಗರಾಜು ಅದನ್ನು ಓದಿ, ದಡದ ಮೇಲಿಟ್ಟು, ಮತ್ತೆ ಈಜಲು ಹೋದ.

ಒಂಬತ್ತನೇ ಸಾಲಿನಲ್ಲಿ ಸಣ್ಣಗೆ ಠಿಣ್ ಅಂದಿತು. ಪಾತಾಳಗರಡಿ ಸಿಕ್ಕಿತು. ಸಿದ್ದಗಂಗಮ್ಮ ಅದನ್ನು ಮಡಿಲಲ್ಲಿ ಹಾಕಿಕೊಂಡಳು, ಚೊಂಬಿನ ಹಗ್ಗ ಮಾತ್ರ ಬಿಚ್ಚಲಿಲ್ಲ. ಹರಿದ ಹಗ್ಗಕ್ಕೆ ಯಾರು ಜವಾಬ್ದಾರಿ ಎಂದು ಕೇಳಿದಳು.

ಆಮೇಲೆ ಬರೀ ಪುಸ್. ಹನ್ನೆರಡು ಸಾಲು ಆಯಿತು. ಹುಡುಗರ ರಟ್ಟೆ ನೋಯತೊಡಗಿತು. ಜನ ಒಬ್ಬೊಬ್ಬರೇ ಪೃಷ್ಠದ ಮಣ್ಣು ಕೊಡವಿ ಎದ್ದರು. ಅವ್ವ ಮಾತ್ರ ಗುಂಪಿನಿಂದ ದೂರ, ಏರಿಯ ತುದಿಯಲ್ಲಿ ಕೈ ಕಟ್ಟಿ ನಿಂತಿದ್ದಳು. ಉಳಿದದ್ದು ಆ ಕಡೆಯ ಮೂಲೆ, ನೀರು ಹೊರಗೆ ಬಿಡುವ ತೂಬಿನ ಹತ್ತಿರ. ಅಲ್ಲಿ ಯಾರೂ ಗರಡಿ ಹಾಕಿರಲಿಲ್ಲ. ತಾಮ್ರ ತೇಲುವುದಿಲ್ಲ ಅಂದ ಮೇಲೆ ಮೆಟ್ಟಿಲಿಂದ ಅಷ್ಟು ದೂರ ಯಾಕೆ ಹುಡುಕಬೇಕು?

ಬೆಟ್ಟಸ್ವಾಮಿಗೆ ಈಗ ನೆನಪಾಯಿತು. ಅವತ್ತು ಕೊಪ್ಪರಿಗೆ ನಡುನೀರು ದಾಟಿ ಹೋದದ್ದನ್ನು ಅವನು ನೋಡಿದ್ದ. ಗಾಳಿ ಅತ್ತ ಕಡೆಗೇ ಬೀಸುತ್ತಿತ್ತು. ಪೈಪು ಹೊತ್ತುಕೊಂಡು ಅವನು ತೂಬಿನ ಕಲ್ಲಿನ ಮೇಲೆ ಹೋಗಿ ಕೂತ. ಹುಡುಗರೂ ಹಿಂದೆಯೇ ಬಂದರು.

ಪುಸ್. ಪುಸ್.

ಮೂರನೇ ಕಲ್ಲು ಬಿತ್ತು. ಪೈಪಿನೊಳಗೆ ಸದ್ದು ಎದ್ದಿತು. ಚೊಂಬಿನ ಹಾಗೆ ಠಣ್ ಅಂದು ನಿಲ್ಲಲಿಲ್ಲ. ಠೊಂಯ್ ಎಂದು ಶುರುವಾಗಿ, ಮಠದ ದೊಡ್ಡ ಗಂಟೆಯನ್ನು ನೆಲದೊಳಗಿಂದ ಬಾರಿಸಿದ ಹಾಗೆ ಉದ್ದಕ್ಕೆ ಹೋಯಿತು. ಬೆಟ್ಟಸ್ವಾಮಿಯ ಕಣ್ಣಲ್ಲಿ ನೀರು ಬಂತು. ಅವನು ಪೈಪನ್ನು ರುದ್ರಯ್ಯನ ಕಡೆಗೆ ಚಾಚಿದ. ಇನ್ನೊಂದು ಕಲ್ಲು ಬಿತ್ತು. ಹದಿನೈದು ವರ್ಷ ಕೇಳಿದ ಕಿವಿ ಅದು. ರುದ್ರಯ್ಯ ಕಣ್ಣು ಮುಚ್ಚಿ ಪೂರ್ತಿ ಕೇಳಿದರು. ಆಮೇಲೆ ಮೆಲ್ಲಗೆ ಹೇಳಿದರು.

"ಒಂದು ಸಿಕ್ತು ಕಣಪ್ಪ."

ಗಂಗರಾಜು ಮುಳುಗಿ ಕೊಪ್ಪರಿಗೆಯ ಬಳೆಗೆ ಹಗ್ಗ ಕಟ್ಟಿ ಬಂದ. ಎದ್ದು ಹೊರಟವರೆಲ್ಲ ತಿರುಗಿ ಬಂದರು. ಟ್ರ್ಯಾಕ್ಟರ್ ಎಳೆಯಿತು. ಮೊದಲು ಗುಳ್ಳೆ, ಆಮೇಲೆ ಅಂಚು, ಆಮೇಲೆ ಕೆಸರು ತುಂಬಿಕೊಂಡು ಅದು ಎದ್ದು ಬಂತು, ಕಟ್ಟುಪಾಡಿನ ಪ್ರಕಾರ ಬಾಯಿ ಮೇಲೆ ಮಾಡಿಕೊಂಡೇ. ದಡಕ್ಕೆ ಬಂದ ಕೂಡಲೇ ಆಡು ಓಡಿ ಹೋಗಿ, ಅಂಚಿಗೆ ಮುಂಗಾಲು ಕೊಟ್ಟು, ಒಂದೇ ನೆಗೆತಕ್ಕೆ ಒಳಗೆ ಹಾರಿತು. ಮೊಣಕಾಲು ಮಟ್ಟದ ಕೆಸರಿನಲ್ಲಿ ನಿಂತು ಸೀಕು ಹುಡುಕಿತು.

ಇನ್ನೂರು ಜನ ಆಡನ್ನೇ ನೋಡಿದರು. ಯಾರಿಗೂ ನಗು ಬರಲಿಲ್ಲ.

ಅವ್ವ ಏರಿಯಿಂದ ಇಳಿದು ಬಂದಳು. ಮಗನ ಕಿವಿಗೆ ಅಂಟಿದ ಕೆಸರನ್ನು ಸೆರಗಿನಿಂದ ಒರೆಸಿದಳು. ಆಡಿನ ವಿಷಯ ಅವಳು ಎತ್ತಲಿಲ್ಲ, ಆದರೆ ಒರೆಸಿದ ಕಿವಿಯನ್ನೇ ಮತ್ತೆ ಮತ್ತೆ ಒರೆಸಿದಳು.

ಮಠದ ಜನ ಕೊಪ್ಪರಿಗೆಯ ಸುತ್ತ ಸೇರಿದರು. ರೇವಣಸಿದ್ದಯ್ಯ ಅದರ ಅಂಚು ಸವರಿ, ಗಂಟಲು ಸರಿ ಮಾಡಿಕೊಂಡು, ಪಂಕ್ತಿಯಲ್ಲಿ ಕೂಗಿದಷ್ಟೇ ಜೋರಾಗಿ ಎಲ್ಲರಿಗೂ ಕೇಳುವಂತೆ ಹೇಳಿದರು.

"ನಂಗ್ ಮೊದ್ಲೇ ಗೊತ್ತಿತ್ತು ಕಣ್ಲಾ, ನೀನು ಕದಿಯೋ ಹುಡ್ಗ ಅಲ್ಲ ಅಂತ. ಏನೋ ಬಾಯ್ತಪ್ಪಿ ಬಂತು ಬುಡು. ನಾಳೆ ದಾಸೋಹಕ್ಕೆ ಮೊದಲ್ನೇ ಪಂಕ್ತೀಲಿ ಕೂತ್ಕೊ. ಪಾಯ್ಸ ನಾನೇ ಹಾಕ್ತೀನಿ. ಏನ್ಲಾ?"

ಎಲ್ಲರೂ ಬೆಟ್ಟಸ್ವಾಮಿಯ ಕಡೆ ತಿರುಗಿದರು. ಈ ಸಲ ಅವನ ಬಾಯಲ್ಲಿ ಅನ್ನ ಇರಲಿಲ್ಲ. ಹೇಳಬೇಕೆಂದರೆ ಹೇಳಬಹುದಿತ್ತು. ಮೂರು ದಿನದಿಂದ ಅವನು ಮಾತು ಜೋಡಿಸಿಟ್ಟಿದ್ದ.

"ಏನ್ಲಾ, ಬರ್ತೀಯ ತಾನೆ?" ಮತ್ತೆ ಕೂಗಿದರು.

ಇಡೀ ಮಧ್ಯಾಹ್ನ ಸಣ್ಣ ಸಣ್ಣ ಸದ್ದಿಗೆ ಕಿವಿ ಕೊಟ್ಟಿದ್ದ ಬೆಟ್ಟಸ್ವಾಮಿಗೆ, ಆ ಕೂಗಿನ ತಳದಲ್ಲಿ ಇನ್ನೊಂದು ಸದ್ದು ಕೇಳಿಸಿತು. ತೀರಾ ಸಣ್ಣದು. ಬೇರಿಂಗ್ ಸವೆದ ಮೋಟಾರಿನ ಸದ್ದಿನ ಹಾಗೆ ನಡುಗುತ್ತಿತ್ತು. ಐನೋರು ಇಷ್ಟು ದಿನ ಯಾಕೆ ಅಷ್ಟು ಜೋರಾಗಿ ಕೂಗುತ್ತಿದ್ದರು ಎಂದು ಅವನಿಗೆ ಈಗ ಹೊಳೆಯಿತು.

ಅವನು ಪೈಪಿನ ಬಾಯಿಯ ಬಲೂನು ಬಿಚ್ಚಿ ಜೇಬಿಗೆ ಹಾಕಿಕೊಂಡ. ಪೈಪನ್ನು ಹೆಗಲ ಮೇಲಿಟ್ಟುಕೊಂಡ. ಏರಿ ಹತ್ತಿದ.

"ಲೋ ಬೆಟ್ಟಾ..."

ಕೂಗು ಪಿಂಗಿನ ಹಾಗೆ ಅವನ ಬೆನ್ನಿಗೆ ಬಂದು ತಾಗಿತು. ವಾಪಸ್ ಏನೂ ಹೋಗಲಿಲ್ಲ. ಅವನು ನಡೆಯುತ್ತಾ ಹೋದ.